ಜೋಮು ಹಿಡಿಯಿತೋ, ಮರಗಟ್ಟಿತೋ?

ಪ್ರಶ್ನೆ: ಚಕ್ಕಳಮಕ್ಕಳ ಹಾಕಿ ಜಾಸ್ತಿ ಹೊತ್ತು ಕುಳಿತರೆ ಕಾಲಿಗೆ ‘ಜೋಮು ಹಿಡಿಯಿತು’ ಅನ್ನುತ್ತೇವೆ. ಕೆಲವರು ‘ಮರಗಟ್ಟಿತು’ ಅನ್ನುತ್ತಾರೆ. ಎರಡೂ ಒಂದೇನಾ?

ಉತ್ತರ: ಹತ್ತಿರದ ಮಾತುಗಳೇ. ಆದರೂ ನಾನು ಎರಡನ್ನೂ ಬೇರೆಯಾಗಿಯೇ ಬಳಸುತ್ತೇನೆ.

ಮರಗಟ್ಟು ಅಂದರೆ ಮರದ ಹಾಗೆ ಆಗುವುದು. ಮುಟ್ಟಿದರೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಹಲ್ಲು ಕೀಳಿಸಲು ಒಸಡಿಗೆ ಸೂಜಿ ಚುಚ್ಚಿಸಿಕೊಂಡೆ. ಆಮೇಲೆ ನೀರು ಕುಡಿಯಲು ಹೋದರೆ ಲೋಟ ತುಟಿಗೆ ತಾಗಿದ್ದೇ ತಿಳಿಯಲಿಲ್ಲ. ನೀರು ಗಲ್ಲದ ಮೇಲೆ ಇಳಿದು ಅಂಗಿ ಒದ್ದೆಯಾದ ಮೇಲೆಯೇ ಗೊತ್ತಾಗಿದ್ದು! ಆ ತುಟಿಗೆ ‘ಮರಗಟ್ಟಿತ್ತು’ ಅನ್ನುವುದೇ ಸರಿ. ಆ ಮದ್ದಿಗೆ ‘ಅರಿವಳಿಕೆ’ ಎಂಬ ಹೆಸರಿದೆ. ಅರಿವು ಅಳಿಯುವುದು. ಎಷ್ಟು ಚೆಂದದ ಪದ, ಅಲ್ವಾ?

ಜೋಮು ಹಾಗಲ್ಲ. ಕುಳಿತ ಭಂಗಿಯಿಂದ ನರ ಒತ್ತಿಹೋಗಿ ಕಾಲು ಭಾರವಾಗುತ್ತದೆ. ಎದ್ದು ಕಾಲು ಚಾಚಿದರೆ ಒತ್ತಡ ಬಿಟ್ಟು, ಪಾದದ ತುಂಬ ಸಣ್ಣ ಸೂಜಿ ಚುಚ್ಚಿದ ಹಾಗೆ ಚುಮುಚುಮು ಶುರು. ನೆಲಕ್ಕೆ ಊರಿದರೆ ಪಾದ ನಮ್ಮದೇ ಅಲ್ಲವೇನೋ ಅನಿಸುತ್ತದೆ. ಆ ಮಂಕು, ಆ ಚುಮುಚುಮು ಎರಡೂ ಸೇರಿದ್ದೇ ನನ್ನ ಮಟ್ಟಿಗೆ ಜೋಮು. ಇದು ಕಾಲಿಗೆ ‘ಹಿಡಿಯುತ್ತದೆ’, ಆಮೇಲೆ ‘ಬಿಡುತ್ತದೆ’.

‘ಮೈ ಜುಮ್ಮೆಂದಿತು’ ಅನ್ನುವುದು ಬೇರೆಯೇ. ಅದು ಹೆದರಿಕೆಗೋ, ಖುಷಿಗೋ, ತಣ್ಣೀರು ಮೈಮೇಲೆ ಬಿದ್ದಾಗಲೋ ಒಂದು ಕ್ಷಣ ಬಂದುಹೋಗುವ ರೋಮಾಂಚನ. ಜೋಮು ಹಿಡಿದ ಕಾಲಿಗೆ ಆ ಮಾತು ಒಗ್ಗುವುದಿಲ್ಲ.