ಪ್ರತಿಕ್ರಿಯೆ: ಎಐ ಎಲ್ಲಾ ದೊಡ್ಡ ಕಂಪನಿಗಳ ಪಾಲಾಗುತ್ತಾ?

ಸೋಮವಾರಪೇಟೆಯ ಗೆಳೆಯರೇ, ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳು ಗುರುತಿಸುವ ಆ್ಯಪ್ ಮಾಡಬೇಕು ಅಂತಿದ್ದೀರಿ. ಗೂಗಲ್, ಮೈಕ್ರೋಸಾಫ್ಟ್ ಇರುವಾಗ ಇದೆಲ್ಲ ಸುಮ್ನೆ ಅಲ್ವಾ ಅಂತ ಕೇಳಿದ್ದೀರಿ.

ಚಾಟ್‌ಜಿಪಿಟಿಯಂಥ ದೊಡ್ಡ ಮಾಡೆಲ್‌ಗಳ ಮಟ್ಟಿಗೆ ನಿಮ್ಮ ಅನುಮಾನ ಸರಿ. ಸಾವಿರಾರು ಕಂಪ್ಯೂಟರ್ ಚಿಪ್, ಅವಕ್ಕೆ ಕರೆಂಟು, ಪೂರ್ತಿ ದುಡ್ಡಿನ ಆಟ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ 2019ರಲ್ಲಿ ಮೈಕ್ರೋಸಾಫ್ಟ್‌ನಿಂದ 100 ಕೋಟಿ ಡಾಲರ್ ಹೂಡಿಕೆ ಪಡೆಯಿತು. ಆದರೂ 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ತನ್ನ ಆರ್1 ಮಾಡೆಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ಬಿಟ್ಟಿತು.

ನಿಮಗೆ ಅಷ್ಟೆಲ್ಲ ಬೇಡವೇ ಬೇಡ. ಫೋಟೊ ಗುರುತಿಸುವ ಮೊಬೈಲ್‌ನೆಟ್ ತರಹದ ಪುಟ್ಟ ಮಾಡೆಲ್ ಸಾಕು (ಅದೂ ಗೂಗಲ್‌ನವರದ್ದೇ, ಬಿಡಿ). ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಫೋನಿನಲ್ಲೇ ಓಡುತ್ತದೆ.

ಕಷ್ಟ ಇರುವುದು ಆ್ಯಪ್‌ಗೆ ಕಲಿಸಲು ಬೇಕಾದ ಫೋಟೊದಲ್ಲಿ. ಹುಳು ಕೊರೆದ ಕಡೆ ತೊಗಟೆ ಮೇಲೆ ಉಬ್ಬು ಗೆರೆ ಏಳುತ್ತದೆ. ಪಾಚಿ ಹಿಡಿದಿದ್ದರೆ ಅದು ಕ್ಯಾಮೆರಾಗೆ ಕಾಣುವುದಿಲ್ಲ, ಮೊದಲು ಒರೆಸಿ. ಎಲೆ ಹಳದಿಯಾದದ್ದನ್ನು ಮಾತ್ರ ನಂಬಬೇಡಿ, ಗೊಬ್ಬರ ಸಾಲದಿದ್ದರೂ ಹಾಗೇ ಆಗುತ್ತದೆ. ಸೆಪ್ಟೆಂಬರ್‌ನಲ್ಲಿ ಬೋರರ್ ಟ್ರೇಸಿಂಗ್ (ಹುಳು ಹಿಡಿದ ಗಿಡ ಹುಡುಕಿ ಕೀಳುವ ಕೆಲಸ) ಮಾಡುವವರ ಜೊತೆ ಹೋಗಿ. ಕಿತ್ತ ಗಿಡ ಸೀಳಿದಾಗ ಒಳಗೆ ಹುಳು ಇತ್ತಾ, ಇಲ್ವಾ ಅಂತ ಒಂದೊಂದು ಫೋಟೊಗೂ ಬರೆದಿಡಿ. ಆ ಕೆಲಸವನ್ನು ಯಾವ ಕಂಪನಿಯೂ ನಿಮ್ಮ ತೋಟಕ್ಕೆ ಬಂದು ಮಾಡಲ್ಲ.