ಪೊನ್ನಪ್ಪನಲ್ಲಿ ‘ಅಪ್ಪ’ ಮಾತ್ರ ಗಂಡು

ಗಂಡುಮಗುವಿಗೆ, ಹೆಣ್ಣಿಗೂ ಒಪ್ಪುವಂಥ ಹೆಸರಿಟ್ಟರೆ ಕೊಡಗಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುತ್ತದೆ. ಆದರೆ ಅಜ್ಜಂದಿರ ಹೆಸರುಗಳಲ್ಲಿ ಹುಡುಕಬೇಡಿ. ಗಂಡು ಹುಟ್ಟಿತೆಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಕೊಡುವ ಪದ್ಧತಿ ಕೊಡವರದು. ಹೆಸರೂ ಹಾಗೇ, ಕೇಳಿದ ಕೂಡಲೇ ಗೊತ್ತಾಗಬೇಕು: ಪೊನ್ನಪ್ಪ–ಪೊನ್ನಮ್ಮ, ಮುತ್ತಪ್ಪ–ಮುತ್ತಮ್ಮ, ಪೂವಯ್ಯ–ಪೂವಮ್ಮ.

ಬೇರು ಎರಡಕ್ಕೂ ಒಂದೇ ನೋಡಿ. ಚಿನ್ನ, ಮುತ್ತು, ಹೂವಿಗೆ ಗಂಡು-ಹೆಣ್ಣಿಲ್ಲ; ಇರುವುದೆಲ್ಲ ಬಾಲದಲ್ಲಿ. ಹಾಗಂತ ಬಾಲ ಕತ್ತರಿಸಿದರೆ ಬೇರೆ ಫಜೀತಿ. ಕೊಡವರ ಭಾಷೆ ಕೊಡವ ತಕ್ಕ್‌ನಲ್ಲಿ ಪೊನ್ನ್ ಅಂದರೆ ಚಿನ್ನ, ಪೊಣ್ಣ್ ಅಂದರೆ ಹೆಣ್ಣು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಹುಡುಗನ ಪಾಡು ನೀವೇ ಊಹಿಸಿ. ‘ಮುತ್ತು’ ಚೆನ್ನಾಗಿಯೇ ಇದೆ, ಕನ್ನಡ ಶಾಲೆಯ ಮಕ್ಕಳಿಗೆ ಅದರ ಇನ್ನೊಂದು ಅರ್ಥ ಹೊಳೆಯುವ ತನಕ.

ಹೆಸರು ಆರಿಸುವಾಗ ‘ಗೆ’ ಹಚ್ಚಿ ನೋಡಿ. ಹರ್ಷ ಅಂದರೆ ಹರ್ಷನಿಗೋ ಹರ್ಷಳಿಗೋ ಹೇಳಲೇಬೇಕು, ಗುಟ್ಟು ಅಲ್ಲೇ ರಟ್ಟು. ಇ, ಉ ಕೊನೆಯಲ್ಲಿರುವ ಹೆಸರಿಗೆ ಆ ಕಾಟವಿಲ್ಲ: ಮಧುವಿಗೆ, ಶಶಿಗೆ, ತೇಜಸ್ವಿಗೆ. ಕಿರಣ್ ಅರ್ಧಂಬರ್ಧ, ‘ಕಿರಣ್‌ಗೆ’ ಅಂದರೆ ತಿಳಿಯದು, ಅಜ್ಜಿಯ ಬಾಯಲ್ಲಿ ಅದು ‘ಕಿರಣನಿಗೆ’ ಆಗಿಬಿಡುತ್ತದೆ. ‘ಬಂದ’, ‘ಬಂದಳು’ ಎಂಬಲ್ಲಿ ಮಾತ್ರ ಯಾವ ಹೆಸರೂ ಕಾಯುವುದಿಲ್ಲ. ಗಡಿಯ ಲೆಕ್ಕವೂ ಉಂಟು: ಗಡಿಯೂರು ಕುಟ್ಟ ದಾಟಿ ಕೇರಳದ ವಯನಾಡಿಗಿಳಿದರೆ ಶಶಿ ಬಹುಮಟ್ಟಿಗೆ ಗಂಡಸೇ, ಮೈಸೂರಿನ ಕಡೆ ಶಶಿಕಲಾ ಕೂಡ ಶಶಿ. ನನ್ನನ್ನು ಕೇಳಿದರೆ ಮಧು ಒಳ್ಳೆಯದು.

ಇನ್ನು ಮನೆಹೆಸರು. ಕೊಡವರ ಹಳೆಯ ಕ್ರಮದಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ತಂದೆಯದು, ಕೊನೆಗೆ ಸ್ವಂತದ್ದು: ಕೋದಂಡೇರ ಮಾದಪ್ಪ ಕಾರ್ಯಪ್ಪ. ಹೀಗಿಟ್ಟು ಮೊದಲೆರಡನ್ನು ಇನಿಶಿಯಲ್ ಮಾಡಿದರೆ ಮಧು ಗಂಡೋ ಹೆಣ್ಣೋ ಹೊರಗಿನವರಿಗೆ ತಿಳಿಯದು. ಈಗಿನ ರೂಢಿ ತಂದೆಯ ಹೆಸರನ್ನು ಕೊನೆಗೆ ಹಾಕುವುದು. ಬ್ಯಾಡ್ಮಿಂಟನ್‌ನ ಅಶ್ವಿನಿ ಪೊನ್ನಪ್ಪ ಹಾಗೆ. ಅಲ್ಲಿ ಪೊನ್ನಪ್ಪ ಎಂಬುದು ಆಡುವವರ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ‘ಮಧು ಪೊನ್ನಪ್ಪ’ ಎಂದು ಓದಿದ ಪರಊರಿನವರು ಗಂಡಸೆಂದೇ ತಿಳಿಯುತ್ತಾರೆ. ಯಾವ ಕ್ರಮ ಎಂಬುದನ್ನು ಜನನ ಪತ್ರಕ್ಕೆ ಮೊದಲೇ ತೀರ್ಮಾನಿಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ತುಂಬುವಾಗ ತಲೆನೋವು ತಪ್ಪುತ್ತದೆ.

ಜನನವನ್ನು 21 ದಿನದೊಳಗೆ ತಿಳಿಸಬೇಕು, ಹೆಸರು ಆಗಲೇ ಬೇಕೆಂದಿಲ್ಲ. 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ತಡವಾದದ್ದಕ್ಕೆ ಶುಲ್ಕ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಅದೇ ಪತ್ರ ಆಧಾರ. ಅದಕ್ಕೇ, ಪತ್ರ ಕೈಗೆ ಬಂದ ದಿನವೇ ಲಿಂಗದ ಕಾಲಂ ಓದಿ. ಕಾರ್ಯಪ್ಪನ ಮುಂದೆ ‘ಹೆಣ್ಣು’ ಎಂದು ಬಿದ್ದರೆ ಗುಮಾಸ್ತರೇ ನಕ್ಕು ತಿದ್ದುತ್ತಾರೆ. ಮಧುವಿನ ಮುಂದೆ ಬಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.