ಆಸ್ಟ್ರೇಲಿಯಾದಲ್ಲಿ ಕಾನೂನಿನ ರಕ್ಷಣೆಯಿರುವ ಪಾಸಮ್ ಪ್ರಾಣಿಯನ್ನು ನ್ಯೂಜಿಲೆಂಡ್‌ನಲ್ಲಿ ಕೊಲ್ಲುವುದು ಕ್ರೌರ್ಯವಲ್ಲವೇ?

ಪಾಸಮ್ ಎಂದರೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವ, ಮರವೇರುವ ಸಣ್ಣ ಪ್ರಾಣಿ. ವೆಲ್ಲಿಂಗ್ಟನ್ ಸಮೀಪದ ಕಾಡಂಚಿನಲ್ಲಿ ಪಾಸಮ್ ಬೋನುಗಳನ್ನು ನೋಡಿಕೊಳ್ಳುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಕೊಲ್ಲುವುದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ; ಆದರೆ ಅದರಲ್ಲಿ ಆ ಪ್ರಾಣಿಯ ತಪ್ಪು ಎಳ್ಳಷ್ಟೂ ಇಲ್ಲ. ತುಪ್ಪಳದ ವ್ಯಾಪಾರಕ್ಕೆಂದು ಅದನ್ನು ಸಮುದ್ರ ದಾಟಿಸಿ ತಂದವರು ಮನುಷ್ಯರು. 1858ರಲ್ಲಿ ದಕ್ಷಿಣ ತುದಿಯ ಸೌತ್‌ಲ್ಯಾಂಡ್‌ನಲ್ಲಿ ಬಿಟ್ಟ ಪ್ರಾಣಿಗಳು ಅಲ್ಲಿ ನೆಲೆಯೂರಿದವು, ಆಮೇಲೂ ಹಲವೆಡೆ ಬಿಡುತ್ತಲೇ ಹೋದರು.

ತವರಿನಲ್ಲಿ ಪಾಸಮ್ ತಿನ್ನುವ ನೀಲಗಿರಿ ಜಾತಿಯ ಎಲೆಗಳಲ್ಲಿ ಜೀರ್ಣಕ್ಕೆ ಒಗ್ಗದ ಎಣ್ಣೆ ಮತ್ತು ಒಗರಿನ ಅಂಶಗಳಿರುವುದರಿಂದ ಅದು ಒಂದೇ ಮರವನ್ನು ಮನಬಂದಂತೆ ಮೇಯಲಾರದು. ಡಿಂಗೊ ನಾಯಿ, ದೊಡ್ಡ ಗೂಬೆ, ಕಾಡ್ಗಿಚ್ಚುಗಳ ಕಾಟವೂ ಅಲ್ಲಿದೆ. ನ್ಯೂಜಿಲೆಂಡ್‌ನಲ್ಲಾದರೋ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲಿನ ಮೂಲನಿವಾಸಿ ಸಸ್ತನಿಯೇ ಇಲ್ಲ, ಹಾಗಾಗಿ ರಾತ್ರಿ ಕೊಂಬೆಯೇರಿ ಚಿಗುರು ಮೇಯುವ ಪ್ರಾಣಿಯನ್ನು ಎದುರಿಸುವ ಗುಣ ಇಲ್ಲಿನ ಮರಗಳಲ್ಲಿ ಬೆಳೆದೇ ಇರಲಿಲ್ಲ. ಇಲ್ಲಿನ ಕಾಡಿನ ದೊಡ್ಡ ಮರಗಳಾದ ರಾಟಾಗಳಲ್ಲಿ ಇದು ಕಣ್ಣಿಗೆ ರಾಚುತ್ತದೆ: ಪಾಸಮ್ ತನಗೆ ರುಚಿಸಿದ ಮರಕ್ಕೇ ರಾತ್ರಿಯಿಂದ ರಾತ್ರಿಗೆ ಮರಳಿ ಬಂದು ಚಿಗುರನ್ನೆಲ್ಲ ಬೋಳಿಸುತ್ತದೆ, ಪಕ್ಕದ ಮರ ಹಸಿರಾಗಿ ನಿಂತಿರುವಾಗಲೇ ಇದರ ನೆತ್ತಿಯ ಕೊಂಬೆಗಳು ಬೂದುಬಣ್ಣಕ್ಕೆ ತಿರುಗುತ್ತವೆ, ಕೆಲವೇ ವರ್ಷಗಳಲ್ಲಿ ಶತಮಾನಗಳ ಮರವೊಂದು ಒಣಗಿಹೋಗುತ್ತದೆ. ಹೂವು, ಹಣ್ಣುಗಳೂ ಅದರ ಪಾಲಾಗುವುದರಿಂದ ಹಕ್ಕಿಗಳಿಗೆ ಆಹಾರ ಉಳಿಯುವುದಿಲ್ಲ. ಪಾಸಮ್ ಬರೀ ಸಸ್ಯಾಹಾರಿಯೆಂದು ಬಹುಕಾಲ ನಂಬಲಾಗಿತ್ತು. 1993ರಲ್ಲಿ ಕೋಕಾಕೊ ಹಕ್ಕಿಯ ಗೂಡಿನ ಬಳಿ ಇಟ್ಟ ಕ್ಯಾಮೆರಾಗಳು ಅದು ಮೊಟ್ಟೆ, ಮರಿಗಳನ್ನು ತಿನ್ನುವುದನ್ನು ಸೆರೆಹಿಡಿದ ಮೇಲೆ ಆ ನಂಬಿಕೆ ಅಳಿಯಿತು.

ರೈತರ ಕಷ್ಟ ಬೇರೆಯದು. ಪಾಸಮ್ ದನಗಳ ಕ್ಷಯರೋಗವನ್ನು ಹರಡುತ್ತದೆ. ರೋಗ ಬಲಿತ ಪಾಸಮ್ ಹಗಲಿನಲ್ಲೇ ಹುಲ್ಲುಗಾವಲಿಗೆ ಬಂದು ತೂರಾಡುತ್ತದೆ, ಕುತೂಹಲದಿಂದ ಹತ್ತಿರ ಬಂದ ಹಸುಗಳು ಅದನ್ನು ಮೂಸುತ್ತವೆ, ಸೋಂಕು ಮಂದೆಗೆ ದಾಟಲು ಅಷ್ಟೇ ಸಾಕು.

ಕ್ರೌರ್ಯದ ಬಗೆಗಿನ ನಿಮ್ಮ ಆತಂಕ ನ್ಯಾಯವಾದದ್ದು. ಕಾಲು ಹಿಡಿಯುವ ಬೋನುಗಳನ್ನು ಪ್ರತಿದಿನ ಪರೀಕ್ಷಿಸಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ. ನಾನಂತೂ ತಕ್ಷಣ ಕೊಲ್ಲುವ ಬೋನುಗಳನ್ನೇ ಬಳಸುತ್ತೇನೆ, ಹೆಣ್ಣು ಸಿಕ್ಕರೆ ಚೀಲದಲ್ಲಿ ಮರಿಯಿದೆಯೇ ಎಂದು ತಪ್ಪದೆ ನೋಡುತ್ತೇನೆ. ಹೆಚ್ಚು ವಿವಾದವಿರುವುದು ಹೆಲಿಕಾಪ್ಟರ್‌ನಿಂದ ಉದುರಿಸುವ 1080 ಎಂಬ ವಿಷದ ಬಗ್ಗೆ. ನಾಯಿಗಳಿಗೆ ಅದು ಅತ್ಯಂತ ಮಾರಕವಾದ್ದರಿಂದ ಬೇಟೆಗಾರರ ವಿರೋಧವನ್ನು ನಾನು ತಳ್ಳಿಹಾಕಲಾರೆ. ಆದರೂ ಮನುಷ್ಯರು ನಡೆದು ತಲುಪಲಾಗದ ಕಡಿದಾದ ಬೆಟ್ಟಗಳಲ್ಲಿ ಬೋನಿನಿಂದ ಕೆಲಸ ಸಾಗದು, ಮತ್ತು ಆ ವಿಷ ನೀರು, ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಂದ ಕ್ರಮೇಣ ವಿಘಟನೆಯಾಗುತ್ತದೆ. ಕಾಪಿಟಿ, ರಾಂಗಿಟೊಟೊ ದ್ವೀಪಗಳಲ್ಲಿ ಪಾಸಮ್‌ಗಳನ್ನು ಪೂರ್ತಿ ತೆಗೆದ ಮೇಲೆ ಕಾಡು ಚೇತರಿಸಿಕೊಂಡಿದೆ. 2050ರೊಳಗೆ ದೇಶವನ್ನೇ ಪಾಸಮ್, ಇಲಿ ಮತ್ತು ಮುಂಗುಸಿಯಂಥ ಬೇಟೆಪ್ರಾಣಿಗಳಾದ ಸ್ಟೋಟ್‌ಗಳಿಂದ ಮುಕ್ತಗೊಳಿಸುವ ಗುರಿಯನ್ನು ಸರ್ಕಾರ 2016ರಲ್ಲಿ ಘೋಷಿಸಿತು. ದ್ವೀಪಗಳಲ್ಲಿ ಸಾಧ್ಯವಾದದ್ದನ್ನು ಮುಖ್ಯಭೂಮಿಯಲ್ಲಿ ಸಾಧಿಸುವುದು ಬಹಳ ಕಷ್ಟ, ಏಕೆಂದರೆ ತೆರವಾದ ಜಾಗಕ್ಕೆ ಪಕ್ಕದ ಕಾಡಿನಿಂದ ಪಾಸಮ್‌ಗಳು ಮತ್ತೆ ಬರುತ್ತಲೇ ಇರುತ್ತವೆ.